ಕಡಿದ ಸರಪಳಿ, ತಪ್ಪು ಸ್ಪ್ರಿಂಗ್: ಒಂದು ಕೊವೆಂಟ್ರಿ ಜೇಬುಗಡಿಯಾರದ ದುರಸ್ತಿ

ಗಡಿಯಾರ ಈಗ ಓಡುತ್ತಿದೆ. ಕೀಲಿ ಕೊಡುತ್ತಿರುವ ಹೊತ್ತಿನಲ್ಲೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಫ್ಯೂಸಿ, ಅಂದರೆ ಸರಪಳಿ ಸುತ್ತಿಕೊಳ್ಳುವ ಶಂಕು, ಇರುವ ಹಳೆಯ ಇಂಗ್ಲಿಷ್ ಗಡಿಯಾರವನ್ನು ಮೊದಲ ಸಲ ಬಿಚ್ಚುವವರಿಗೆ ನೆರವಾಗಲಿ ಎಂದು ಕೆಲಸ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ಎಚ್‌ಎಂಟಿ ಜನತಾದಂಥ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದವರಿಗೂ ಇದರೊಳಗೆ ಹೊಸದಾಗಿ ಕಲಿಯಬೇಕಾದದ್ದು ಬಹಳಷ್ಟಿದೆ. ಅಲ್ಲಿ ಮುಖ್ಯ ಸ್ಪ್ರಿಂಗ್ ಕೂತಿರುವ ಡಬ್ಬಿಯ ಹಲ್ಲುಗಳೇ ಚಕ್ರಗಳನ್ನು ತಿರುಗಿಸುತ್ತವೆ. ಇಲ್ಲಿ ಆ ಡಬ್ಬಿಗೆ, ಅಂದರೆ ಬ್ಯಾರಲ್‌ಗೆ, ಹಲ್ಲೇ ಇಲ್ಲ. ಅದು ಒಂದು ಸಣ್ಣ ಉಕ್ಕಿನ ಸರಪಳಿಯನ್ನು ಎಳೆಯುತ್ತದೆ. ಸರಪಳಿಯ ಇನ್ನೊಂದು ತುದಿ ಶಂಕುವಿನಾಕಾರದ ಫ್ಯೂಸಿಯ ಸುರುಳಿ ತೋಡಿನಲ್ಲಿ ಸುತ್ತಿಕೊಂಡಿರುತ್ತದೆ. ಪೂರ್ತಿ ಕೀಲಿ ಕೊಟ್ಟಾಗ ಸ್ಪ್ರಿಂಗ್ ಬಲವಾಗಿರುತ್ತದೆ, ಸರಪಳಿ ಫ್ಯೂಸಿಯ ಸಪೂರ ತುದಿಯನ್ನು ಎಳೆಯುತ್ತದೆ. ಸ್ಪ್ರಿಂಗ್ ಸಡಿಲವಾಗುತ್ತ ಬಂದಂತೆ ಎಳೆತ ಅಗಲವಾದ ಬುಡಕ್ಕೆ ಇಳಿಯುತ್ತದೆ. ಹೀಗೆ ಚಕ್ರಗಳಿಗೆ ಸಿಗುವ ಬಲ ದಿನವಿಡೀ ಸಮನಾಗಿರುತ್ತದೆ. ಸ್ವಿಸ್ ಮತ್ತು ಅಮೆರಿಕದ ತಯಾರಕರು ಇದನ್ನು ಕೈಬಿಟ್ಟ ಮೇಲೂ ಇಂಗ್ಲಿಷರು 19ನೇ ಶತಮಾನದ ಕೊನೆಯ ದಶಕಗಳವರೆಗೆ ಬಿಡಲಿಲ್ಲ.

1. ಕೊಂಡದ್ದು, ಕಂಡದ್ದು

ನಾನಿರುವ ಇಂಗ್ಲೆಂಡಿನ ಕೊವೆಂಟ್ರಿ ಊರಿನ ಹತ್ತಿರದ ಹಳೆಯ ಸಾಮಾನಿನ ಸಂತೆಯಲ್ಲಿ 45 ಪೌಂಡಿಗೆ ಸಿಕ್ಕಿತು. ಬೆಳ್ಳಿಯ ಕವಚ, ಬಿಳಿ ಎನಾಮಲ್ ಡಯಲ್, ರೋಮನ್ ಅಂಕಿಗಳು. ಕವಚದ ಒಳಗೆ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಲಂಗರಿನ ಗುರುತು, 92.5 ಶುದ್ಧತೆಯ ಬೆಳ್ಳಿಯನ್ನು ಸೂಚಿಸುವ ನಡೆಯುವ ಸಿಂಹ, ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ವಿಕ್ಟೋರಿಯಾ ರಾಣಿಯ ತಲೆ. ವರ್ಷವನ್ನು ಸೂಚಿಸುವ ಅಕ್ಷರದ ಪ್ರಕಾರ 1881–82. ಮೇಲಿನ ಫಲಕದ ಮೇಲೆ ಕೊವೆಂಟ್ರಿಯ ಒಬ್ಬ ತಯಾರಕರ ಹೆಸರು.

ತೆರೆಯುವ ರೀತಿಯೇ ಬೇರೆ. ಹಿಂದಿನ ಮುಚ್ಚಳ ತೆಗೆದರೆ ಕೀಲಿ ಹಾಕುವ ತೂತು ಮಾತ್ರ ಕಾಣುತ್ತದೆ. ಯಂತ್ರ ನೋಡಬೇಕೆಂದರೆ ಮುಂದಿನ ಗಾಜಿನ ಚೌಕಟ್ಟು ಎತ್ತಿ, ಡಯಲ್ಲಿನ ಆರರ ಅಂಕಿಯ ಅಂಚಿನಲ್ಲಿರುವ ಸಣ್ಣ ನಾಲಿಗೆಯನ್ನು ಉಗುರಿನಿಂದ ಒತ್ತಬೇಕು. ಆಗ ಇಡೀ ಯಂತ್ರ ಹನ್ನೆರಡರ ಬಳಿಯ ಕೀಲಿನ ಮೇಲೆ ಹೊರಕ್ಕೆ ಮಗುಚಿಕೊಳ್ಳುತ್ತದೆ. ಅದರ ಮೇಲೊಂದು ಹಿತ್ತಾಳೆಯ ಧೂಳುಮುಚ್ಚಳ. ನೀಲಿ ಉಕ್ಕಿನ ಅರ್ಧಚಂದ್ರಾಕಾರದ ಜಾರುಪಟ್ಟಿಯನ್ನು ಸರಿಸಿದರೆ ಅದೂ ಕಳಚಿಕೊಳ್ಳುತ್ತದೆ. ಮುಚ್ಚಳದ ಕ್ರಮಾಂಕವೂ ಯಂತ್ರದ ಕ್ರಮಾಂಕವೂ ಒಂದೇ ಆಗಿತ್ತು. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ. ಬೇರೆ ಗಡಿಯಾರದ ಮುಚ್ಚಳ ಹಾಕಿ ಮಾರುವವರಿದ್ದಾರೆ.

ರೋಗ ಇಷ್ಟು: ಕೀಲಿ ಯಾವ ತಡೆಯೂ ಇಲ್ಲದೆ ತಿರುಗುತ್ತಿತ್ತು. ಯಂತ್ರದ ಎರಡು ಫಲಕಗಳನ್ನು ಹಿಡಿದಿಡುವ ಕಂಬಗಳ ನಡುವೆ ಟಾರ್ಚ್ ಹಿಡಿದರೆ ಸರಪಳಿಯ ಬಿಚ್ಚಿದ ಸುರುಳಿ ಕಂಡಿತು. ಅತ್ತಿತ್ತ ಬೀಸಿ ವೇಗವನ್ನು ಕಾಯುವ ಬ್ಯಾಲೆನ್ಸ್ ಚಕ್ರ ಉಸಿರಿಗೇ ಅಲುಗಾಡುತ್ತಿತ್ತು, ಅದರ ಪಿವಟ್‌ಗಳು, ಅಂದರೆ ಅಚ್ಚಿನ ಸಪೂರ ತುದಿಗಳು, ಉಳಿದಿದ್ದವು. ಕೊಳ್ಳಲು ಅಷ್ಟು ಸಾಕಾಯಿತು.

2. ಬಿಚ್ಚುವುದು

ಫ್ಯೂಸಿ ಗಡಿಯಾರದಲ್ಲಿ ಮೊದಲ ಕೆಲಸ ಸ್ಪ್ರಿಂಗಿನ ಬಿಗಿ ಇಳಿಸುವುದು. ಗಡಿಯಾರ ಪೂರ್ತಿ ಓಡಿ ನಿಂತಿದ್ದರೂ ಬ್ಯಾರಲ್ಲಿನಲ್ಲಿ ಮುಂಗಡವಾಗಿ ಕೊಟ್ಟ ಬಿಗಿ ಉಳಿದೇ ಇರುತ್ತದೆ. ಅದನ್ನು ಇಳಿಸದೆ ಕಂಬದ ಪಿನ್ನುಗಳನ್ನು ಕಿತ್ತರೆ ಫಲಕ ಎಗರಿ ಪಿವಟ್‌ಗಳು ಮುರಿಯುತ್ತವೆ. ಮುಳ್ಳುಗಳನ್ನು ತೆಗೆದು, ಡಯಲ್ಲಿನ ಮೂರು ಕಾಲುಗಳಿಗೆ ಚುಚ್ಚಿದ್ದ ಪಿನ್ನುಗಳನ್ನು ಎಳೆದು, ಡಯಲ್ಲನ್ನು ಬಟ್ಟೆಯ ಮೇಲೆ ಮಲಗಿಸಿದೆ. ಅದರ ಕೆಳಗೆ ಬ್ಯಾರಲ್ಲಿನ ಅಚ್ಚಿನ ಚೌಕ ತುದಿ, ಒಂದು ಹಲ್ಲುಚಕ್ರ, ಅದನ್ನು ಹಿಡಿದಿಡುವ ಕೊಂಡಿ. ಚೌಕಕ್ಕೆ ಕೀಲಿ ಹಾಕಿ ಬಿಗಿಯಾಗಿ ಹಿಡಿದು, ಕೊಂಡಿಯ ಸ್ಕ್ರೂ ಸಡಿಲಿಸಿದೆ. ಕೀಲಿ ಕದಲಲಿಲ್ಲ. ಸರಪಳಿ ಕಡಿದಾಗಲೇ ಸ್ಪ್ರಿಂಗ್ ಬಿಚ್ಚಿಕೊಂಡಿತ್ತು. ಹಾಗಿದ್ದರೂ ಈ ಹೆಜ್ಜೆಯನ್ನು ಬಿಡಬಾರದು.

ಡಯಲ್ಲಿನ ಕೆಳಗೆ, ಕಂಬದ ಫಲಕದ ಮೇಲೆ 14 ಎಂಬ ಅಂಕಿ ಒತ್ತಿತ್ತು. ಇದು ಲ್ಯಾಂಕಶೈರ್ ಅಳತೆ: ಸೊನ್ನೆಗೆ ಒಂದು ಇಂಚು ಮತ್ತು 5/30 ಇಂಚು, ಮುಂದಿನ ಪ್ರತಿ ಅಂಕಿಗೂ 1/30 ಇಂಚು ಹೆಚ್ಚು. ಲೆಕ್ಕ ಹಾಕಿದರೆ 41.5 ಮಿ.ಮೀ. ವರ್ನಿಯರ್ ಕೂಡ ಅಷ್ಟೇ ತೋರಿಸಿತು. ಕೊವೆಂಟ್ರಿಯ ಕುಶಲಕರ್ಮಿಗಳು ಕಚ್ಚಾ ಯಂತ್ರಗಳನ್ನು ಹೆಚ್ಚಾಗಿ ಲಿವರ್‌ಪೂಲ್ ಬಳಿಯ ಪ್ರೆಸ್ಕಾಟ್‌ನಿಂದ ತರಿಸಿಕೊಂಡು ಇಲ್ಲಿ ಮುಗಿಸುತ್ತಿದ್ದರು. ಚಾಪೆಲ್‌ಫೀಲ್ಡ್ಸ್ ಬಡಾವಣೆಯಲ್ಲಿ ಅವರ ಮನೆಗಳು ಇಂದಿಗೂ ನಿಂತಿವೆ. ಕೆಲಸದ ಕೋಣೆಗಳ ಅಗಲ ಕಿಟಕಿಗಳಿಂದಲೇ ಅವುಗಳ ಗುರುತು ಹಿಡಿಯಬಹುದು. ಈ ಗಡಿಯಾರದಲ್ಲಿ ಬಲವನ್ನು ಹಲ್ಲು ಹಲ್ಲಾಗಿ ಬಿಡುವ ಎಸ್ಕೇಪ್ ಚಕ್ರದ ಮೊನಚು ಹಲ್ಲುಗಳನ್ನು ಅಂಥದ್ದೇ ಒಂದು ಕಿಟಕಿಯ ಬೆಳಕಿನಲ್ಲಿ ಯಾರೋ ಹೊಂದಿಸಿರಬೇಕು ಎಂದು ನೆನೆದಾಗ ಕೈ ತಾನಾಗಿ ನಿಧಾನವಾಗುತ್ತದೆ.

ಇದು ಪೂರ್ಣ ಫಲಕದ ಯಂತ್ರ. ಬ್ಯಾಲೆನ್ಸ್ ಚಕ್ರ ಮೇಲಿನ ಫಲಕದ ಹೊರಗಿರುತ್ತದೆ, ಉಳಿದದ್ದೆಲ್ಲ ಎರಡು ಫಲಕಗಳ ನಡುವೆ. ಬ್ಯಾಲೆನ್ಸ್ ಚಕ್ರಕ್ಕೆ ಅಂಟಿದ ಕೂದಲೆಳೆಯಂಥ ಸುರುಳಿ, ಹೇರ್ ಸ್ಪ್ರಿಂಗಿನ ಹೊರತುದಿಯನ್ನು ಫಲಕದ ಮೇಲಿನ ಗೂಟಕ್ಕೆ ಸಣ್ಣ ಹಿತ್ತಾಳೆ ಪಿನ್ನಿನಿಂದ ಸಿಕ್ಕಿಸಿರುತ್ತಾರೆ. ಎಳೆಯುವ ಮುಂಚೆ ಫೋಟೊ ತೆಗೆದುಕೊಂಡು, ಗೂಟದಿಂದ ಆಚೆ ಚಾಚಿದ ತುದಿಯ ಉದ್ದವನ್ನು ಬರೆದುಕೊಂಡೆ. ಅಷ್ಟೇ ಉದ್ದಕ್ಕೆ ಮತ್ತೆ ಸಿಕ್ಕಿಸದಿದ್ದರೆ ಗಡಿಯಾರದ ವೇಗ ಬದಲಾಗುತ್ತದೆ. ಆಮೇಲೆ ನಾಲ್ಕು ಕಂಬಗಳ ಪಿನ್ನು. ಅದರಲ್ಲಿ ಒಂದು ಕತ್ತರಿಸಿದ ಹೊಲಿಗೆ ಸೂಜಿ. ಹಿಂದೆ ಕೈಯಾಡಿಸಿದವರ ಮೊದಲ ಸುಳಿವು ಅದೇ.

3. ಕೆಟ್ಟದ್ದೇಕೆ ಎಂಬುದರ ಪತ್ತೆ

ಬ್ಯಾರಲ್ಲಿನ ಮುಚ್ಚಳ ತೆಗೆದ ಕೂಡಲೇ ಉತ್ತರ ಸಿಕ್ಕಿತು. ಡಬ್ಬಿಯ ಒಳವ್ಯಾಸ 15.5 ಮಿ.ಮೀ., ನಡುವಿನ ಅಚ್ಚು 5 ಮಿ.ಮೀ. ಸರಿಯಾದ ಸ್ಪ್ರಿಂಗ್ ಈ ನಡುವಿನ ಜಾಗದ ಅರ್ಧವನ್ನು ತುಂಬಿರಬೇಕು. ಇದು ಅಚ್ಚಿನ ಬುಡದವರೆಗೂ ತುಂಬಿಕೊಂಡಿತ್ತು. ಹೊರಗೆ ತೆಗೆದು ಅಳೆದರೆ ದಪ್ಪ 0.25 ಮಿ.ಮೀ., ಉದ್ದ 560 ಮಿ.ಮೀ. ಅಚ್ಚನ್ನು ಕೈವೈಸಿನಲ್ಲಿ ಹಿಡಿದು ತಿರುಗಿಸಿ ನೋಡಿದ್ದೆ: ಮೂರು ಸುತ್ತಿಗೆ ಕಟ್ಟಿಕೊಂಡು ನಿಂತಿತು.

ಇನ್ನು ಸರಪಳಿಯ ಲೆಕ್ಕ. ಉದ್ದ 150 ಮಿ.ಮೀ., ಬ್ಯಾರಲ್ಲಿನ ಹೊರವ್ಯಾಸ 17 ಮಿ.ಮೀ. ಹಾಗಾದರೆ ಪೂರ್ತಿ ಕೀಲಿ ಕೊಡಲು ಬ್ಯಾರಲ್ 2.8 ಸುತ್ತು ತಿರುಗಬೇಕು. ಇದಕ್ಕೆ ಮುಂಗಡ ಬಿಗಿಯ ಮುಕ್ಕಾಲು ಸುತ್ತು ಸೇರಿದರೆ ಮೂರೂವರೆ. ಮೂರೇ ಸುತ್ತು ಕೊಡುವ ಸ್ಪ್ರಿಂಗಿನಲ್ಲಿ ಇದು ಸಾಧ್ಯವೇ ಇಲ್ಲ. ಆದ್ದರಿಂದ ಹಿಂದಿನವರು ಮುಂಗಡ ಬಿಗಿಯನ್ನು ಬಹುತೇಕ ಕೊಟ್ಟೇ ಇರಲಿಲ್ಲ. ಸರಪಳಿ ಮೇಲಿನ ಸುತ್ತಿಗೆ ತಲುಪುವ ಹೊತ್ತಿಗೆ ಸ್ಪ್ರಿಂಗ್ ಗಟ್ಟಿ ಮುದ್ದೆಯಾಗಿರುತ್ತಿತ್ತು.

ಆಗಲೂ ಸರಪಳಿಯನ್ನು ಕಾಯಬೇಕಾದ ಒಂದು ಭಾಗವಿದೆ: ಮೇಲಿನ ಫಲಕದ ಕೆಳಗೆ ಕೀಲಿನ ಮೇಲೆ ಕೂತಿರುವ ತಡೆಗೋಲು. ಸರಪಳಿ ಫ್ಯೂಸಿಯ ಕೊನೆಯ ಸುತ್ತಿಗೆ ಏರಿದಾಗ ಈ ಗೋಲನ್ನು ಫಲಕದ ಕಡೆಗೆ ಒತ್ತುತ್ತದೆ. ಫ್ಯೂಸಿಯ ತಲೆಯ ಮೇಲಿನ ಕೊಕ್ಕು ಬಂದು ಅದರ ತುದಿಗೆ ಬಡಿದು ನಿಲ್ಲುತ್ತದೆ. ಕೀಲಿ ಕೊಡುವವರ ಕೈಬಲವನ್ನು ತಾಳಿಕೊಳ್ಳುವುದು ಈ ಗೋಲು, ಸರಪಳಿ ಅಲ್ಲ. ಇಲ್ಲಿ ಗೋಲಿನ ತುದಿ ಪಕ್ಕಕ್ಕೆ ಬಾಗಿ, ಮೂತಿ ಸವೆದು ದುಂಡಗಾಗಿತ್ತು. ಕೊಕ್ಕು ಅದನ್ನು ಸವರಿಕೊಂಡು ಮುಂದೆ ಹೋಗುತ್ತಿತ್ತು. ಒಂದು ಕಡೆ ಇನ್ನು ತಿರುಗಲಾರದ ಸ್ಪ್ರಿಂಗ್, ಇನ್ನೊಂದು ಕಡೆ ಕೀಲಿ ತಿರುಗಿಸುತ್ತಲೇ ಇರುವ ಕೈ. ನಡುವೆ ಇದ್ದ ಸರಪಳಿ ಕಡಿಯಿತು. ದಪ್ಪ ಸ್ಪ್ರಿಂಗ್ ಹಾಕಿದರೆ ಗಡಿಯಾರ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ಎಷ್ಟು ಹಳೆಯ ಯಂತ್ರಗಳನ್ನು ಹಾಳುಮಾಡಿದೆಯೋ! ಸ್ಪ್ರಿಂಗಿನ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಇಲ್ಲಿ ಇರಬೇಕಾದ 0.21 ಮಿ.ಮೀ. ಜಾಗದಲ್ಲಿ 0.25 ಹಾಕಿದರೆ ಬಲ 1.7 ಪಟ್ಟು. ನಡೆಯದ ಗಡಿಯಾರದ ಕೊಳೆ ತೆಗೆಯುವ ಬದಲು ಸ್ಪ್ರಿಂಗ್ ದಪ್ಪ ಮಾಡುವುದು ದುರಸ್ತಿ ಅಲ್ಲ.

4. ಸರಪಳಿ

ಈ ಸರಪಳಿಗಳ ದೊಡ್ಡ ಕೇಂದ್ರವಾಗಿದ್ದದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಎಂಬ ಊರು. 1790ರ ಸುಮಾರಿಗೆ ರಾಬರ್ಟ್ ಕಾಕ್ಸ್ ಎಂಬಾತ ಅಲ್ಲಿ ಉದ್ಯಮ ಶುರುಮಾಡಿದ. ಕೆಲಸ ಮಾಡಿದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಅನಾಥರನ್ನೂ ಬಡವರನ್ನೂ ಇರಿಸಿದ್ದ ಮನೆಯ ಮಕ್ಕಳೂ ಸೇರಿದಂತೆ. ಆ ಮನೆ ಈಗ ರೆಡ್ ಹೌಸ್ ಎಂಬ ವಸ್ತುಸಂಗ್ರಹಾಲಯ. ಸರಪಳಿಯನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದವರಿಗೆ ಆ ಮಕ್ಕಳ ಕಣ್ಣು ಏನಾಗಿರಬಹುದು ಎಂಬ ಯೋಚನೆ ಬಾರದೆ ಇರದು.

ರಚನೆ ಸೈಕಲ್ ಚೈನಿನಂತೆಯೇ. ಎಂಟರ ಅಂಕಿಯ ಆಕಾರದ ಎರಡು ಹೊರಪಟ್ಟಿ, ನಡುವೆ ಒಂದು ಒಳಪಟ್ಟಿ, ಅವುಗಳನ್ನು ಹಿಡಿದ ರಿವೆಟ್. ಇಡೀ ಸರಪಳಿಯ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಕಡಿದದ್ದು ಫ್ಯೂಸಿ ತುದಿಯ ಕೊಕ್ಕೆಯ ಪಕ್ಕದಲ್ಲೇ. ಎರಡು ಹೊರಪಟ್ಟಿಗಳೂ ರಿವೆಟ್ ತೂತಿನಲ್ಲಿ ಹರಿದಿದ್ದವು. ಕೊಕ್ಕೆ ನಡುಪಟ್ಟಿಯ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಹರಿದ ಹೊರಜೋಡಿಯನ್ನಷ್ಟೇ ತೆಗೆದರೆ ಸಾಲದು, ಅದರ ಮುಂದಿನ ಒಳಪಟ್ಟಿಯನ್ನೂ ತೆಗೆಯಬೇಕು. ಆಗ ಕೊಕ್ಕೆ ಮುಂದಿನ ಹೊರಜೋಡಿಗೆ ಹೊಂದುತ್ತದೆ. ಒಟ್ಟು ಒಂದೂವರೆ ಮಿಲಿಮೀಟರಿನಷ್ಟು ಗಿಡ್ಡವಾಯಿತು. ಸುಮಾರು 30 ಗಂಟೆ ಓಡುವ ಗಡಿಯಾರಕ್ಕೆ ಅದು ಲೆಕ್ಕಕ್ಕಿಲ್ಲ.

ಬಳಸಿದ್ದು: ತೂತಿರುವ ಸಣ್ಣ ಉಕ್ಕಿನ ಅಡಿಗಲ್ಲು, ಉಜ್ಜಲು ನುಣುಪಾದ ಅರ್ಕಾನ್ಸಾ ಕಲ್ಲು, ಕೈವೈಸಿಗೆ ಸಿಕ್ಕಿಸಿದ ಮೊಂಡು ಸೂಜಿ, ಹಗುರ ಸುತ್ತಿಗೆ. ರಿವೆಟ್ಟಿನ ತಲೆಯನ್ನು ಕಲ್ಲಿನ ಮೇಲೆ ಉಜ್ಜಿ ಸಮಮಾಡಿ, ತೂತಿನ ಮೇಲಿಟ್ಟು ಮೊಂಡು ಸೂಜಿಯಿಂದ ತಳ್ಳಿದರೆ ಬಂದುಬಿಡುತ್ತದೆ.

ಹೊಸ ರಿವೆಟ್ಟಿಗೆ ಹೊಲಿಗೆ ಸೂಜಿಯ ಉಕ್ಕು ತೆಗೆದುಕೊಂಡೆ. ಸೂಜಿ ಇದ್ದ ಹಾಗೆಯೇ ಬಹಳ ಗಡಸು. ಮೊದಲ ರಿವೆಟ್ ಸುತ್ತಿಗೆಯ ಪೆಟ್ಟಿಗೆ ಚೂರಾಯಿತು. ಮುಂದಿನದಕ್ಕೆ ಹದ ಇಳಿಸಿದೆ: ಹಿತ್ತಾಳೆಯ ಪುಡಿ ತುಂಬಿದ ಸಣ್ಣ ತಟ್ಟೆಯ ಮೇಲೆ ಸೂಜಿ ಇಟ್ಟು, ಕೆಳಗೆ ಸ್ಪಿರಿಟ್ ದೀಪ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಬಂದ ಕೂಡಲೇ ತೆಗೆದುಬಿಡಬೇಕು, ಅದು ಸುಮಾರು 300 ಡಿಗ್ರಿ. ನೀಲಿ ಮಾಡಿದ ಸೂಜಿಯನ್ನು ನವಿರಾದ ಅರದಿಂದ ತುಸುವೇ ಮೊನಚು ಮಾಡಿ, ತೂತಿಗೆ ಬಿಗಿಯಾಗಿ ನೂಕಿ, ಎರಡೂ ಬದಿ ಕೂದಲೆಳೆಯಷ್ಟು ಉಳಿಯುವಂತೆ ಕತ್ತರಿಸಿ, ಸಣ್ಣ ಪೆಟ್ಟುಗಳಿಂದ ತಲೆ ಹರಡಿದೆ. ಕೊನೆಗೆ ಎರಡೂ ಬದಿ ಕಲ್ಲಿನಿಂದ ಸಮ. ಉಬ್ಬು ಉಳಿದರೆ ಫ್ಯೂಸಿಯ ತೋಡಿನಲ್ಲಿ ಕೂರುವುದಿಲ್ಲ.

ಕೊಕ್ಕೆಯ ದಿಕ್ಕನ್ನು ರಿವೆಟ್ ಹಾಕುವ ಮುಂಚೆಯೇ ನೋಡಬೇಕು. ಎರಡೂ ತುದಿಯ ಕೊಕ್ಕೆಗಳು ಬೇರೆ ಬೇರೆ ಆಕಾರದವು. ಬ್ಯಾರಲ್ಲಿನದಕ್ಕೆ ಹಿಂದೆ ಚಾಚಿದ ಬಾಲವಿರುತ್ತದೆ, ಫ್ಯೂಸಿಯದು ಸರಳ ಬಾಗು.

5. ತಡೆಗೋಲು ಮತ್ತು ಕೀಲಿ ಕೊಡುವಾಗಿನ ಬಲ

ತಡೆಗೋಲು ಗಡಸು ಉಕ್ಕು. ತಣ್ಣಗಿರುವಾಗ ಬಗ್ಗಿಸಿದರೆ ಮುರಿಯುತ್ತದೆ. ಕಾಯಿಸಿ, ಹಿತ್ತಾಳೆಯ ದವಡೆಯ ನಡುವೆ ನಿಧಾನವಾಗಿ ನೇರ ಮಾಡಿದೆ. ಮೂತಿಯನ್ನು ಕಲ್ಲಿನಿಂದ ಚೌಕಗೊಳಿಸಿ, ಕೊಕ್ಕು ಬಂದು ತಾಗಿದಾಗ ಹೊರಗೆ ಜಾರದೆ ಒಳಕ್ಕೆ ಕಚ್ಚಿಕೊಳ್ಳುವಂತೆ ತುಸು ಓರೆ ಕೊಟ್ಟೆ. ಇದರಲ್ಲಿ ಅವಸರ ಸಲ್ಲದು. ಉದ್ದ ಹೆಚ್ಚು ಸವೆಸಿದರೆ ಹೊಸ ಗೋಲನ್ನೇ ಮಾಡಬೇಕಾಗುತ್ತದೆ.

ಫ್ಯೂಸಿಯ ಒಂದು ತೊಡಕೆಂದರೆ, ಕೀಲಿ ಕೊಡುವಾಗ ಅದು ಹಿಂದಕ್ಕೆ ತಿರುಗುತ್ತದೆ, ಆ ಹೊತ್ತು ಚಕ್ರಗಳಿಗೆ ಬಲ ಸಿಗುವುದಿಲ್ಲ. ಇದಕ್ಕೆ ಪರಿಹಾರ ರೂಪಿಸಿದವರು ಜಾನ್ ಹ್ಯಾರಿಸನ್. ಫ್ಯೂಸಿಯ ಬುಡದಲ್ಲಿ ಒಂದು ಸಣ್ಣ ಸ್ಪ್ರಿಂಗ್ ಸದಾ ಬಿಗಿಯಾಗಿರುತ್ತದೆ. ಅದರ ಹಲ್ಲುಚಕ್ರ ಹಿಂದಕ್ಕೆ ಜಾರದಂತೆ ಫಲಕಗಳ ನಡುವಿನ ಸಪೂರ ಉಕ್ಕಿನ ಕೊಂಡಿಯೊಂದು ತಡೆಯುತ್ತದೆ. ಕೀಲಿ ಕೊಡುವ ಆ ಅರ್ಧ ನಿಮಿಷ ಗಡಿಯಾರವನ್ನು ನಡೆಸುವುದು ಆ ಸ್ಪ್ರಿಂಗ್. ಇಲ್ಲಿ ಸ್ಪ್ರಿಂಗ್ ಸರಿಯಾಗಿತ್ತು. ಕೊಂಡಿಯನ್ನು ಹಲ್ಲಿನ ಕಡೆ ಒತ್ತುವ ತೆಳು ಸ್ಪ್ರಿಂಗ್ ಪಟ್ಟಿ ಮಾತ್ರ ಮುರಿದಿತ್ತು. ಹಳೆಯ ಕೈಗಡಿಯಾರವೊಂದರ ಮುಖ್ಯ ಸ್ಪ್ರಿಂಗಿನಿಂದ ಪಟ್ಟಿ ಕತ್ತರಿಸಿ, ತೆಳುವಾಗಿ ಅರೆದು, ಸ್ಕ್ರೂ ತೂತು ತೆಗೆದು ಹೊಸದು ಮಾಡಿದೆ. ಬೆರಳಿನಿಂದ ಹಲ್ಲುಚಕ್ರ ತಿರುಗಿಸಿದಾಗ ಪ್ರತಿ ಹಲ್ಲಿಗೂ ಟಿಕ್ ಎಂಬ ಸದ್ದು ಬರುವಷ್ಟು ಒತ್ತಡ ಸಾಕು.

6. ಹೊಸ ಸ್ಪ್ರಿಂಗ್, ತೂಕದ ಕೋಲು

ಹೊಸ ಸ್ಪ್ರಿಂಗ್ 0.21 ದಪ್ಪ, 400 ಮಿ.ಮೀ. ಉದ್ದ, ಅಗಲ ಹಳೆಯದರಷ್ಟೇ. ಬೆಲೆ 18 ಪೌಂಡ್. ಹೊರತುದಿಯ ಹದ ಇಳಿಸಿ ಕೊಕ್ಕೆಯ ತೂತು ಮಾಡಿಕೊಂಡೆ. ಡಬ್ಬಿಯಲ್ಲಿ ಕೂರಿಸಿದಾಗ ಅರ್ಧ ಜಾಗ ಖಾಲಿ. ಕೈಯಿಂದ ತಿರುಗಿಸಿದರೆ ಐದು ಸುತ್ತಿಗಿಂತ ಹೆಚ್ಚು ಬಂತು. ಬೇಕಾದದ್ದು ಮೂರೂವರೆ. ಹಾಗಾಗಿ ಸ್ಪ್ರಿಂಗಿನ ಎರಡೂ ಕೊನೆಗಳನ್ನು ಬಿಟ್ಟು ನಡುಭಾಗವನ್ನು ಮಾತ್ರ ಬಳಸಬಹುದು.

ಮುಂಗಡ ಬಿಗಿ ಎಷ್ಟು ಕೊಡಬೇಕು ಎಂಬುದನ್ನು ಊಹೆಗೆ ಬಿಡದೆ ಹಳೆಯ ಕುಶಲಕರ್ಮಿಗಳು ತೂಕದ ಕೋಲು ಬಳಸುತ್ತಿದ್ದರು. ಅದನ್ನು ನಾನೂ ಮಾಡಿಕೊಂಡೆ: ಹೆಣಿಗೆಯ ಕಡ್ಡಿ, ಒಂದು ತುದಿಯಲ್ಲಿ ಕೀಲಿ ಚೌಕವನ್ನು ಕಚ್ಚುವ ಹಿಡಿ, ಕಡ್ಡಿಯ ಮೇಲೆ ಜಾರುವ ಹಿತ್ತಾಳೆಯ ತೂಕ. ಫಲಕಗಳ ನಡುವೆ ಫ್ಯೂಸಿ, ಬ್ಯಾರಲ್, ಸರಪಳಿ ಮಾತ್ರ ಇಟ್ಟು, ಫ್ಯೂಸಿಯ ಅಚ್ಚು ಅಡ್ಡಕ್ಕೆ ಬರುವಂತೆ ಹಿಡಿದು, ಕೋಲು ಸಮತಲದಲ್ಲಿ ನಿಲ್ಲುವವರೆಗೆ ತೂಕ ಸರಿಸಬೇಕು. ತೂಕ ಫ್ಯೂಸಿಯಿಂದ ದೂರ ನಿಂತಷ್ಟೂ ಎಳೆಯುವ ಬಲ ಹೆಚ್ಚು. ಫ್ಯೂಸಿಯ ಐದು ಸುತ್ತಿಗೂ ಹೀಗೆ ನೋಡಬೇಕು.

ಅರ್ಧ ಸುತ್ತು ಬಿಗಿ ಕೊಟ್ಟಾಗ ತೂಕ ಕೊನೆಯ ಸುತ್ತಿನಲ್ಲಿ, ಅಂದರೆ ಪೂರ್ತಿ ಕೀಲಿ ಕೊಟ್ಟಾಗ, 98 ಮಿ.ಮೀ.ಗೆ ನಿಂತಿತು, ಮೊದಲ ಸುತ್ತಿನಲ್ಲಿ 84ಕ್ಕೆ. ಮೇಲ್ತುದಿ ಬಲ ಹೆಚ್ಚಾಗಿದ್ದರೆ ಬಿಗಿ ಹೆಚ್ಚಿಸಬೇಕು. ಮುಕ್ಕಾಲು ಸುತ್ತಿಗೆ 101 ಮತ್ತು 96. ಇನ್ನೊಂದು ಹಲ್ಲು ಮುಂದೆ ಹೋದಾಗ 102, 100. ಅಲ್ಲಿಗೆ ನಿಲ್ಲಿಸಿ, ಆ ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಈ ಹೊತ್ತು. 140 ವರ್ಷದ ಹಿಂದೆ ಕೈಯಲ್ಲಿ ಕಡೆದ ಆ ಶಂಕು ಇಂದಿನ ಸ್ಪ್ರಿಂಗಿಗೂ ಸರಿಯಾಗಿ ಹೊಂದಿಕೊಂಡಿತು.

7. ಜೋಡಣೆ

ಶುಚಿಮಾಡಿ, ಪಿವಟ್ ತೂತುಗಳನ್ನು ಮರದ ಕಡ್ಡಿಯಿಂದ ಕೆರೆದು, ಚಕ್ರಗಳನ್ನು ಕೂರಿಸಿ ಮೇಲಿನ ಫಲಕ ಇಟ್ಟೆ. ಪಿವಟ್‌ಗಳು ಒಂದೊಂದಾಗಿ ತೂತಿಗೆ ಇಳಿಯುವವರೆಗೆ ಫಲಕವನ್ನು ಒತ್ತಬಾರದು. ಕಂಬಗಳಿಗೆ ಹೊಸ ಹಿತ್ತಾಳೆ ಪಿನ್ನು.

ಸರಪಳಿಯ ಕೊಕ್ಕೆಯನ್ನು ಬ್ಯಾರಲ್ಲಿಗೆ ಸಿಕ್ಕಿಸಿ, ಬ್ಯಾರಲ್ ಅಚ್ಚನ್ನು ಕೀಲಿಯಿಂದ ತಿರುಗಿಸುತ್ತ ಸರಪಳಿಯನ್ನು ಒಂದರ ಪಕ್ಕ ಒಂದು ಸುತ್ತಾಗಿ ಸುತ್ತಿಸಿದೆ. ಇನ್ನೊಂದು ತುದಿ ಫ್ಯೂಸಿಗೆ. ಸಡಿಲು ಹೋದ ಮೇಲೆ ಗುರುತಿನ ಹಲ್ಲಿನವರೆಗೆ ಬಿಗಿ ಕೊಟ್ಟು ಕೊಂಡಿ ಭದ್ರಪಡಿಸಿದೆ. ಬ್ಯಾಲೆನ್ಸ್ ಹಾಕುವ ಮುಂಚೆಯೇ, ಮರದ ಕಡ್ಡಿಯಿಂದ ಸರಪಳಿಗೆ ದಾರಿ ತೋರಿಸುತ್ತ, ಅಪ್ರದಕ್ಷಿಣವಾಗಿ ನಿಧಾನಕ್ಕೆ ಕೀಲಿ ಕೊಟ್ಟೆ. ಈ ಗಡಿಯಾರಕ್ಕೆ ಕೀಲಿ ಕೊಡುವ ದಿಕ್ಕು ಅದು. ಕೈಗಡಿಯಾರದ ರೂಢಿಯಲ್ಲಿ ಬಲಕ್ಕೆ ತಿರುಗಿಸಿದರೆ ಭಾಗಗಳಿಗೆ ಪೆಟ್ಟು.

ಮೊದಲ ಸುತ್ತಿನಲ್ಲೇ ಸರಪಳಿ ತೋಡಿನ ಅಂಚಿನ ಮೇಲೇರಿ ಜಾರಿತು. ಬಿಗಿ ಇಳಿಸಿ ನೋಡಿದರೆ ಹೊಸ ರಿವೆಟ್ ಹಾಕಿದ ಕೀಲು ಗಡುಸಾಗಿತ್ತು, ಬಾಗುವ ಬದಲು ನೇರವಾಗಿ ನಿಲ್ಲುತ್ತಿತ್ತು. ಎಣ್ಣೆ ಮುಟ್ಟಿಸಿ, ಎರಡು ಮಿಲಿಮೀಟರ್ ಕಡ್ಡಿಗೆ ಸುತ್ತಿ ಹಿಂದೆ ಮುಂದೆ ಆಡಿಸಿದ ಮೇಲೆ ಸಡಿಲವಾಯಿತು. ಸರಪಳಿಯನ್ನು ಗಡಿಯಾರಕ್ಕೆ ಹಾಕುವ ಮುಂಚೆ ಒಂದು ತುದಿ ಹಿಡಿದು ತೂಗಿಬಿಡಿ. ಎಲ್ಲಿಯಾದರೂ ಸೊಟ್ಟಗೆ ನಿಂತರೆ ಅಲ್ಲೇ ಕೆಲಸ ಬಾಕಿ ಇದೆ ಎಂದರ್ಥ. ಎರಡನೆಯ ಸಲ ಐದೂ ಸುತ್ತು ತೋಡಿನಲ್ಲೇ ಕೂತವು. ಕೊನೆಯಲ್ಲಿ ತಡೆಗೋಲು ಕೊಕ್ಕನ್ನು ಹಿಡಿದದ್ದು ಕೀಲಿಯ ಮೂಲಕ ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು.

8. ನಡಿಗೆ

ಬ್ಯಾಲೆನ್ಸ್ ಇಟ್ಟ ಕೂಡಲೇ ಓಡಿತು. ಗಂಟೆಗೆ 14,400 ಬಡಿತ, ಸೆಕೆಂಡಿಗೆ ನಾಲ್ಕು. ಜನತಾದಂಥ ಕೈಗಡಿಯಾರದ ಐದು ಬಡಿತ ಕೇಳಿ ಅಭ್ಯಾಸವಾದ ಕಿವಿಗೆ ಇದು ನಿಧಾನ ಅನ್ನಿಸುತ್ತದೆ. ಬಡಿತ ಅಳೆಯುವ ಯಂತ್ರವನ್ನು ಈ ಸಂಖ್ಯೆಗೆ ಕೈಯಾರೆ ಹೊಂದಿಸಬೇಕು. ಬ್ಯಾಲೆನ್ಸ್ ಎಷ್ಟು ಬೀಸುತ್ತದೆ ಎಂಬುದಕ್ಕೆ ಆ ಯಂತ್ರವನ್ನು ನಂಬಬೇಡಿ. ಅದರೊಳಗಿನ ಲೆಕ್ಕ ಈಗಿನ ಸ್ವಿಸ್ ಲಿವರ್ ಮಾದರಿಯ ಗಡಿಯಾರಗಳಿಗೆ ಹೊಂದಿಸಿದ್ದು. ಮೊಬೈಲಿನ ನಿಧಾನಗತಿಯ ವೀಡಿಯೊದಲ್ಲಿ ನೋಡಿದರೆ ಸುಮಾರು 240 ಡಿಗ್ರಿ. ಡಯಲ್ ಮೇಲ್ಮುಖವಾಗಿ ಮಲಗಿಸಿದಾಗ ಪೂರ್ತಿ ಕೀಲಿಯಲ್ಲಿ ದಿನಕ್ಕೆ 25 ಸೆಕೆಂಡ್ ಮುಂದೆ, 24 ಗಂಟೆಯ ಬಳಿಕ 31 ಮುಂದೆ. ಫ್ಯೂಸಿ ತನ್ನ ಕೆಲಸ ಮಾಡುತ್ತಿದೆ ಎನ್ನಲು ಇಷ್ಟು ಸಾಕು. ತೂಗುಹಾಕಿದಾಗ ಮಾತ್ರ ದಿನಕ್ಕೆ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ.

ಖರ್ಚು: ಗಡಿಯಾರ 45, ಸ್ಪ್ರಿಂಗ್ 18, ಪಿನ್ನುಗಳು 4, 1.4 ಮಿ.ಮೀ. ಚೌಕದ ಕೀಲಿ 3. ಒಟ್ಟು 70 ಪೌಂಡ್. ಸೂಜಿ, ಹೆಣಿಗೆ ಕಡ್ಡಿ ಮನೆಯವು. ಡಯಲ್ಲಿನ ಎರಡರ ಬಳಿಯ ಕೂದಲೆಳೆ ಬಿರುಕನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ತೂಗಿದಾಗ ಹಿಂದೆ ಬೀಳುವುದಕ್ಕೆ ಬ್ಯಾಲೆನ್ಸ್ ಚಕ್ರದ ತೂಕ ಒಂದು ಕಡೆ ಹೆಚ್ಚಾಗಿರುವುದೇ ಕಾರಣವಿರಬೇಕು. ಚಕ್ರದ ಒಳ ಅಂಚಿನಲ್ಲಿ ಅರದ ಹೊಸ ಗೀರುಗಳಿವೆ. ಅವು ಮೂಲ ಕೈಯವಲ್ಲ. ಮುಂದಿನ ಕೆಲಸ ಅಲ್ಲಿಂದ.